ಗೆರೆ ಎಳೆಯೋ ಮುಂಚೆ

ಏನಮ್ಮ, ನಿನ್ನ 3ಡಿ ಮಾಡೆಲಿನ ಮೊಣಕೈ ಮಡಿಸಿದರೆ ನಲ್ಲಿ ಪೈಪು ಮಡಿಸಿದ ಹಾಗೆ ಚಪ್ಪಟೆ ಆಗ್ತಿದೆ ಅಂದೆಯಲ್ಲ, ಲ್ಯಾಪ್‌ಟಾಪನ್ನ ಹೀಗೆ ಕಾಂಪೌಂಡ್ ಮೇಲಿಡು, ನೋಡೋಣ.

ಓ, ನೈಫ್ ಟೂಲ್ ಹಿಡಿದು ಗೀರಿದ್ದೀಯ. ಬ್ಲೆಂಡರ್‌ನಲ್ಲಿ ಕೆ ಒತ್ತಿ, ಬೇಕಾದ ಕಡೆ ಕ್ಲಿಕ್ ಮಾಡ್ಕೊಂಡು ಹೋಗಿ, ಎಂಟರ್ ಒತ್ತಿದರೆ ಗೆರೆ ಬಿತ್ತು. ಅಷ್ಟು ಸುಲಭ ಅಂತಲೇ ಎಲ್ಲರೂ ಮೊದಲು ಅದಕ್ಕೆ ಕೈ ಹಾಕೋದು. ಆದರೆ ನೀನು ಎಳೆಯೋದು ಚಪ್ಪಟೆ ಪರದೆ ಮೇಲೆ, ಗೆರೆ ಬೀಳೋದು ಉಬ್ಬುತಗ್ಗಿನ ಮೆಶ್ ಮೇಲೆ. ನೀನು ಯಾವ ದಿಕ್ಕಿನಿಂದ ನೋಡ್ತಿದ್ದೀಯೋ ಅದೇ ದಿಕ್ಕಿನಲ್ಲಿ ಅದು ಇಳಿಯುತ್ತೆ. ಓರೆಯಾಗಿ ನೋಡ್ತಾ ಎಳೆದದ್ದು ಆಗ ನೆಟ್ಟಗೇ ಕಾಣುತ್ತೆ, ಮಾಡೆಲ್ ತಿರುಗಿಸಿದರೆ ಸೊಟ್ಟ. ಅದಕ್ಕೇ ನಂಬರ್ ಪ್ಯಾಡಿನ 1 ಒತ್ತಿ ಎದುರಿಂದಲೋ, 3 ಒತ್ತಿ ಪಕ್ಕದಿಂದಲೋ ನೋಡ್ಕೊಂಡು ಎಳೀಬೇಕು. ಇನ್ನೊಂದು ವಿಷಯ, ಸೆಟ್ಟಿಂಗ್ ಬದಲಾಯಿಸದಿದ್ದರೆ ನೈಫ್ ಕಣ್ಣಿಗೆ ಕಾಣೋ ಫೇಸ್‌ಗಳನ್ನಷ್ಟೇ ಕತ್ತರಿಸುತ್ತೆ. ತಿರುಗಿಸಿ ನೋಡು, ಕೈ ಹಿಂಬದಿಗೆ ನಿನ್ನ ಗೆರೆ ಹೋಗೇ ಇಲ್ಲ.

"ಹಂಗಾದ್ರೆ ಹಿಂದೇನೂ ಕತ್ತರಿಸಿಬಿಡ್ಲಾ ಅಂಕಲ್?"

ಬೇಡಮ್ಮ. ಗೀರಿದ್ದನ್ನ ಮೊದಲು ತೆಗೆ. ಡಿಲೀಟ್ ಮಾಡಬೇಡ, ಅಕ್ಕಪಕ್ಕದ ಫೇಸ್‌ಗಳೂ ಹೋಗಿ ತೂತು ಬೀಳುತ್ತೆ. ಎಡ್ಜ್‌ಗಳನ್ನ ಡಿಸಾಲ್ವ್ ಮಾಡು. ಆಮೇಲೆ ಕಂಟ್ರೋಲ್ ಆರ್, ಲೂಪ್ ಕಟ್. ಅದು ನಾಲ್ಕಂಚಿನ ಫೇಸಿಗೆ, ಅಂದರೆ ಕ್ವಾಡಿಗೆ, ಒಂದು ಅಂಚಿಂದ ಹೊಕ್ಕು ಎದುರಿನ ಅಂಚಿಂದ ಹೊರಡುತ್ತೆ. ಹಾಗೇ ಕೈ ಸುತ್ತಿ, ಹೊರಟ ಕಡೆಗೇ ಬಂದು ಸೇರಿಕೊಳ್ಳುತ್ತೆ. ನಡುವೆ ತ್ರಿಕೋನ ಸಿಕ್ಕರೆ ದಾಟೋದಕ್ಕೆ ಎದುರು ಅಂಚೇ ಇಲ್ಲ, ಅಲ್ಲೇ ನಿಂತುಬಿಡುತ್ತೆ. ಮಾಡೆಲಿಂಗ್ ಕಲಿಸೋರೆಲ್ಲ ಕ್ವಾಡ್ ಕ್ವಾಡ್ ಅಂತ ಬಡಕೊಳ್ಳೋದು ಇದಕ್ಕೇ. ಮೂರು ಸುತ್ತು ಹಾಕು: ಒಂದು ಸರಿಯಾಗಿ ಕೀಲಿನ ಮೇಲೆ, ಒಂದು ಆಚೆ, ಒಂದು ಈಚೆ. ಆಗ ಮಡಿಸೋದಕ್ಕೆ ಅಲ್ಲಿ ಅವಕಾಶ ಇರುತ್ತೆ.

ಮೈ ನುಣುಪಾಗಲಿ ಅಂತ ನೀನು ಹಾಕ್ತೀಯಲ್ಲ ಸಬ್‌ಡಿವಿಷನ್ ಸರ್ಫೇಸ್, ಅದರ ಹಿಂದಿನ ಲೆಕ್ಕ ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದ್ದು. ಗೆರೆಗಳು ದೂರ ಇದ್ದರೆ ಮೈ ದುಂಡಗಾಗುತ್ತೆ, ಒತ್ತೊತ್ತಾಗಿದ್ದರೆ ಅಂಚು ಚೂಪಾಗುತ್ತೆ. ಹಾಗಾಗಿ ಎಳೆಯೋ ಒಂದೊಂದು ಗೆರೆಯೂ ಆಕಾರವನ್ನೇ ಬದಲಾಯಿಸುತ್ತೆ, ತೋಚಿದಲ್ಲಿ ಎಳೆಯೋ ಹಾಗಿಲ್ಲ. ಪಿಕ್ಸಾರ್‌ನ 1997ರ ಕಿರುಚಿತ್ರ 'ಗೆರೀಸ್ ಗೇಮ್' ನೋಡು, ಅಜ್ಜ ತನ್ನ ಜೊತೆ ತಾನೇ ಚೆಸ್ ಆಡ್ತಾನೆ. ಅವನ ತಲೆ, ಕೈ, ಕೋಟು ಎಲ್ಲಾ ಈ ಬಗೆಯ ಸರ್ಫೇಸಿನಲ್ಲೇ ಮಾಡಿದ್ದು. ಅವನು ನಕ್ಕಾಗ ಕೆನ್ನೆ ಮಡಿಕೆ ಎಲ್ಲಿ ಬೀಳುತ್ತೆ ಅನ್ನೋದನ್ನ ನಿಧಾನವಾಗಿ ಗಮನಿಸು.

"ನೈಫ್ ಮುಟ್ಟಲೇಬಾರದಾ ಮತ್ತೆ?"

ಮುಟ್ಟಬೇಕು! ಮುಖ ಮಾಡುವಾಗ ಅದಿಲ್ಲದೆ ಆಗೋದೇ ಇಲ್ಲ. ತುಟಿ ಸುತ್ತ, ಕಣ್ಣಿನ ಸುತ್ತ ನಮಗೆ ಬಳೆಯಾಕಾರದ ಸ್ನಾಯು ಇದೆ. ಮೆಶ್ ಗೆರೆಗಳೂ ಅದೇ ದಾರಿ ಹಿಡಿದರೆ ಬಾಯಿ ತೆರೆದಾಗ, ರೆಪ್ಪೆ ಬಡಿದಾಗ ಚರ್ಮ ಚರ್ಮದ ಹಾಗೆ ಸರಿಯುತ್ತೆ. ಲೂಪ್ ಕಟ್ ಇದ್ದ ದಾರಿಯಲ್ಲೇ ಹೋಗುತ್ತೆ, ಹೊಸ ದಾರಿ ತೆಗೆಯೋದು ನೈಫಿನ ಕೆಲಸ. ಎಳೆದ ಮೇಲೆ ಐದಂಚು, ಆರಂಚಿನ ಎನ್‌ಗಾನ್ ಉಳಿದಿದೆಯಾ ಅಂತ ಹುಡುಕು. ಮೇಜಿನ ಹಲಗೆಯಲ್ಲಿ ಉಳಿದರೆ ಪರವಾಗಿಲ್ಲ, ತುಟಿಯ ಮೂಲೆಯಲ್ಲಿ ಉಳಿಯಬಾರದು.

ಮೊದಲು ಈ ಕೈ ಮುಗಿಸು. ಮುಖ ಶುರು ಮಾಡೋ ದಿನ ಕರಿ, ಬರ್ತೀನಿ.