ತುಪ್ಪದ ಊರಿನಲ್ಲಿ ವೀಗನ್ ವಿದ್ಯಾರ್ಥಿ

ಬಸವನಗುಡಿಯಲ್ಲಿ ಮಾಂಸ ಬಿಟ್ಟವನಿಗೆ ಮರ್ಯಾದೆ ಕೊಡುತ್ತಾರೆ. ಹಾಲು ಬಿಟ್ಟವನನ್ನು ಡಾಕ್ಟರ ಹತ್ತಿರ ಕಳಿಸುತ್ತಾರೆ.

ಬುಲ್ ಟೆಂಪಲ್ ರಸ್ತೆಯ ಇಂಜಿನಿಯರಿಂಗ್ ಹುಡುಗನೊಬ್ಬ ವೀಗನ್ ಆದ, ಅಂದರೆ ಮಾಂಸದ ಜೊತೆಗೆ ಹಾಲು, ತುಪ್ಪ, ಜೇನನ್ನೂ ಬಿಟ್ಟ ಅಂದುಕೊಳ್ಳಿ. ಹೋಟೆಲಿಗೆ ಹೋಗಿ, "ಖಾರಾಬಾತ್‌ಗೆ ತುಪ್ಪ ಹಾಕಿದ್ದೀರಾ?" ಎಂದು ಕೇಳುತ್ತಾನೆ. ಗಲ್ಲಾದಲ್ಲಿ ಕೂತವರ ಮುಖ ಕೆಂಪಗಾಗುತ್ತದೆ. "ಏನ್ ಸ್ವಾಮಿ, ಡಾಲ್ಡಾ ಅಂದ್ಕೊಂಡ್ರಾ? ಅಪ್ಪಟ ತುಪ್ಪ!" ಬೆಣ್ಣೆ ಹಾಕದೆ ಮಸಾಲೆ ದೋಸೆ ಕೊಡಿ ಅಂದರೆ ಕೊಡುತ್ತಾರೆ, ಬೆಣ್ಣೆಯ ಬದಲು ತುಪ್ಪ ಹಾಕಿರುತ್ತಾರೆ. ರವೆ ಇಡ್ಲಿಗೆ ಕೈಹಾಕಿದರೆ ಒಳಗೆ ಮೊಸರು. ಹಾಸ್ಟೆಲ್ ಮೆಸ್ಸಿನವರಂತೂ ಇನ್ನೂ ಉದಾರಿಗಳು. "ಅಷ್ಟೇ ತಾನೆ? ಜೈನ್ ಊಟ ಹಾಕ್ತೀವಿ ಬಿಡಿ" ಎಂದು ಈರುಳ್ಳಿ ತೆಗೆದು ಪನೀರ್ ಜಾಸ್ತಿ ಬಡಿಸುತ್ತಾರೆ.

ಮೆಸ್ಸಿನವರನ್ನು ಬೈದು ಪ್ರಯೋಜನವಿಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕಿಯೂ ಹಾಲು, ಜೇನು ಎರಡನ್ನೂ ಸಸ್ಯಾಹಾರವೆಂದೇ ಒಪ್ಪುತ್ತದೆ. ವೀಗನ್ ತಿನಿಸಿಗೆಂದೇ ಕೇಂದ್ರ ಸರ್ಕಾರ ಬೇರೆ ನಿಯಮ ತಂದದ್ದು 2022ರಲ್ಲಿ. ಹೋಟೆಲಿನವರನ್ನೂ ಬೈಯುವ ಹಾಗಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲು ವಿದ್ಯಾರ್ಥಿಗಳ ಹೊಟ್ಟೆಗಾಗಿ ಶುರುವಾದದ್ದು 1943ರಲ್ಲಿ. 'ವೀಗನ್' ಅನ್ನುವ ಹೆಸರು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. ಒಂದು ವರ್ಷ ಸೀನಿಯರ್ ಆದ ಭವನದ ದೋಸೆ ಜೂನಿಯರ್ ಮಾತು ಕೇಳೀತೇ?

ಆದರೆ ಇದು ಬಸವನ ಹೆಸರಿನ ಬಡಾವಣೆ. ಕಾರ್ತೀಕದ ಕಡೇ ಸೋಮವಾರ ದೊಡ್ಡ ಬಸವನಿಗೆ ಕಡಲೆಕಾಯಿ ಪರಿಷೆ ಮಾಡಿ, ಕೈಮುಗಿದು, ದಾರಿಯಲ್ಲೇ ಅರ್ಧ ಲೀಟರ್ ಹಾಲು ಕೊಂಡು ಮನೆಗೆ ಬರುತ್ತೇವೆ. ಗಂಡು ಕರು ಹಾಲು ಕೊಡುವುದಿಲ್ಲವಾದ್ದರಿಂದ ಡೈರಿ ಲೆಕ್ಕದಲ್ಲಿ ಅದು ದಂಡದ ಬಾಬತ್ತು. ಕಲ್ಲಲ್ಲಿ ಕಡೆದರೆ ಮಾತ್ರ ದೇವರು. ಹುಡುಗ ಈ ಮಾತೆತ್ತಿದರೆ, "ಗೋಮಾತೆ ಕೊಟ್ಟಿದ್ದನ್ನ ಬೇಡ ಅಂತೀಯಾ?" ಎಂದು ಅಜ್ಜಿಯೇ ಗದರುತ್ತಾರೆ. ಕೊಟ್ಟದ್ದೋ, ಕರೆದುಕೊಂಡದ್ದೋ ಎಂದು ಅಜ್ಜಿಯನ್ನು ಕೇಳುವ ಧೈರ್ಯ ಅವನಿಗೂ ಇಲ್ಲ, ನನಗೂ ಇಲ್ಲ.

ತಮಾಷೆಯೆಂದರೆ, ಅವನಿಗೆ ಬೇಕಾದದ್ದೆಲ್ಲ ಇಲ್ಲೇ ಇದೆ. ಅಕ್ಕಿ ಉದ್ದಿನ ಇಡ್ಲಿ, ಕಾಯಿ ಚಟ್ನಿ, ಉದ್ದಿನ ವಡೆ, ಹೆಸರುಬೇಳೆ ಕೋಸಂಬರಿ, ಚಿತ್ರಾನ್ನ, ಪುಳಿಯೋಗರೆ, ಹಿತಕಿದ ಅವರೆಬೇಳೆ ಸಾರು, ಅಕ್ಕಿ ರೊಟ್ಟಿ, ಸೊಪ್ಪಿನ ಸಾರಿಗೆ ರಾಗಿಮುದ್ದೆ. ಯಾವುದಕ್ಕೂ ಹಸು ಬೇಕಾಗಿಲ್ಲ. ಬೇಕಾಗಿರುವುದು ನಮ್ಮ ದೊಡ್ಡಸ್ತಿಕೆಗೆ. ಅದಕ್ಕೇ ಕೊನೆಯಲ್ಲಿ ಒಂದು ಚಮಚ ತುಪ್ಪ ಸುರಿಯುತ್ತೇವೆ. ಇದೇ ಮುದ್ದೆ ಸಾರನ್ನು ಮಣ್ಣಿನ ಬಟ್ಟಲಿಗೆ ಹಾಕಿ, 'ವೀಗನ್ ಬೌಲ್' ಎಂದು ಇಂಗ್ಲಿಷಿನಲ್ಲಿ ಬರೆದು, ಬೆಲೆ ಐದು ಪಟ್ಟು ಮಾಡುವ ಕೆಫೆಗಳೂ ಇವೆ. ಅಲ್ಲಿ ತಿನ್ನಬೇಕಾದರೆ ಹುಡುಗ ಮೊದಲು ಡಿಗ್ರಿ ಮುಗಿಸಿ ಕೆಲಸ ಹಿಡಿಯಬೇಕು.

ಹೋಟೆಲಿನವರೇ, ಮೆಸ್ಸಿನವರೇ, ಹಸುವಿನ ಹಾಲಿನ ಬದಲು ಬಾದಾಮಿ ಅರೆದ ಹಾಲು ತರಿಸಬೇಡಿ, ಹೊಸ ಬೋರ್ಡೂ ಬೇಡ. ಒಗ್ಗರಣೆ ಎಣ್ಣೆಯದೋ ತುಪ್ಪದ್ದೋ ಎಂದು ಕೇಳಿದ ಹುಡುಗನಿಗೆ ನಿಜ ಹೇಳಿ. ಬೇಡ ಅಂದಮೇಲೆ ತುಪ್ಪದ ಚಮಚ ಕೆಳಗಿಡಿ.