ಪೌತಿ ಖಾತೆ ಮುಂದೂಡಿದ ವಾರಸುದಾರರಿಗೆ ಒಂದು ಬಹಿರಂಗ ಪತ್ರ

ದಿವಂಗತ ಯಜಮಾನರ ಸಮಸ್ತ ಗಂಡುಮಕ್ಕಳ ಹಾಗೂ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಪಂಚಾಯಿತಿಗೆ ಕುಳಿತ ನೆಂಟರಿಷ್ಟರ ಘನ ಸನ್ನಿಧಾನಕ್ಕೆ,

ವಿಷಯ: 2 ಎಕರೆ 30 ಗುಂಟೆ ಜಮೀನು, ಹೆಂಚಿನ ಮನೆ ಹಾಗೂ ಬ್ಯಾಂಕಿನ ಠೇವಣಿಯನ್ನು ಹಂಚಿಕೊಳ್ಳದೆ ಕಾಪಾಡಿಕೊಂಡು ಬಂದುದಕ್ಕಾಗಿ ಅಭಿನಂದನೆ.

ಮಾನ್ಯರೇ,

ಖಾತೆದಾರನು ತೀರಿಕೊಂಡ ಮೇಲೆ ಜಮೀನಿನ ಖಾತೆಯನ್ನು ಅವನ ವಾರಸುದಾರರ ಹೆಸರಿಗೆ ಬದಲಾಯಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಹೀಗೆ ಹಕ್ಕು ಪಡೆದವರು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮ ಹೇಳುತ್ತದಾದರೂ, ಯಜಮಾನರ ಹೆಸರನ್ನು ಪಹಣಿಯಿಂದ ತೆಗೆಸಲು ಮಕ್ಕಳಿಗೆ ಇಷ್ಟು ವರ್ಷವಾದರೂ ಮನಸ್ಸು ಬಾರದಿರುವುದನ್ನು ಪಿತೃಭಕ್ತಿಯೆಂದೇ ಗ್ರಹಿಸಬೇಕಾಗಿದೆ. ಅವರು ಬದುಕಿದ್ದಾಗ ಮಾತ್ರೆಯ ಖರ್ಚು ಯಾರ ತಲೆಗೆಂಬ ಚರ್ಚೆ ನಡೆದದ್ದು ಇಲ್ಲಿ ಅಪ್ರಸ್ತುತ.

ಭಕ್ತಿಯ ಮೊದಲ ಫಲವಾಗಿ ಹದಿಮೂರನೆಯ ದಿನವೇ ಬೀರುವಿನಿಂದ ಉಯಿಲೊಂದು, ಅಂದರೆ ತನ್ನ ಕಾಲಾನಂತರ ಆಸ್ತಿ ಯಾರಿಗೆ ಸೇರಬೇಕೆಂದು ಮಾಲೀಕನು ಬರೆದಿಡುವ ಪತ್ರ, ಪ್ರತ್ಯಕ್ಷವಾಯಿತು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಬಿಳಿ ಹಾಳೆಯೂ ನಡೆಯುತ್ತದೆ, ಆದರೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಆ ಕೊರತೆಯನ್ನು ಹಿರಿಯ ಮಗನ ಭಾವಮೈದುನನೂ ಭಾವಮೈದುನನ ಡ್ರೈವರನೂ ನೀಗಿಸಿದ್ದಾರೆ. ತಿಂಗಳು ತಿಂಗಳು ಪಿಂಚಣಿಗೆ ದುಂಡಗೆ ಸಹಿ ಹಾಕುತ್ತಿದ್ದವರು ಉಯಿಲಿಗೆ ಮಾತ್ರ ಹೆಬ್ಬೆಟ್ಟು ಒತ್ತಿದ್ದೇಕೆಂದು ಕೇಳುವುದು ಸಣ್ಣತನ. ಆದರೂ ಮೈಸೂರಿನಿಂದ ಹೋದ ಉಯಿಲಿನ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟು 1958ರಲ್ಲೇ ಇಂಥ ಸಣ್ಣತನ ತೋರಿ, ಹೆಚ್ಚಿನ ಲಾಭ ಪಡೆಯುವವನೇ ಮುಂದೆ ನಿಂತು ಉಯಿಲು ಬರೆಸಿದ್ದರೆ ಅದರ ಸುತ್ತಲಿನ ಅನುಮಾನಗಳನ್ನು ಅವನೇ ನಿವಾರಿಸಬೇಕೆಂದು ಹೇಳಿಬಿಟ್ಟಿದೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಸಹೋದರರ ಶಾಸ್ತ್ರನಿಷ್ಠೆ ಸ್ತುತ್ಯರ್ಹವಾದುದು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕೆಂದು ಪ್ರತಿಪಾದಿಸಿದ ಮಿತಾಕ್ಷರವನ್ನು ವಿಜ್ಞಾನೇಶ್ವರನು ಬರೆದದ್ದು ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಕುಟುಂಬದ ಗಡಿಯಾರವನ್ನು ಅಲ್ಲಿಗೇ ನಿಲ್ಲಿಸಲಾಗಿದೆ. ಉಯಿಲಿಲ್ಲದೆ ತೀರಿಕೊಂಡವನ ಸ್ವಯಾರ್ಜಿತದಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲಿಗೆ ಬಾಧ್ಯರೆಂದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಹೇಳಿದ್ದು, ಪಿತ್ರಾರ್ಜಿತದಲ್ಲಿ ಕರ್ನಾಟಕವು 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ ಕೇಂದ್ರವು 2005ರಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟದ್ದು, ಅದಕ್ಕೆ ತಂದೆ ತಿದ್ದುಪಡಿಯ ದಿನ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತದ್ದು, ಇವೆಲ್ಲ ಬೇರೆಯವರ ಮನೆಯ ಸಂಗತಿಗಳು. ಈ ಮನೆಯ ವಂಶವೃಕ್ಷದಲ್ಲಿ, ಅಂದರೆ ಮೃತರ ವಾರಸುದಾರರನ್ನು ತೋರಿಸಲು ಸಲ್ಲಿಸುವ ದಾಖಲೆಯಲ್ಲಿ, ಇಬ್ಬರು ಹೆಣ್ಣುಮಕ್ಕಳು ಹುಟ್ಟಿಯೇ ಇಲ್ಲ. ಗುಮಾಸ್ತರು ಅದನ್ನು ಪತ್ತೆಹಚ್ಚಿದ ಮೇಲೆ ತಿಥಿಯ ನೆಪದಲ್ಲಿ ಅವರನ್ನು ಕರೆಸಿ, ಅರಿಶಿನ ಕುಂಕುಮದ ಜೊತೆಗೊಂದು ಸೀರೆ, ರವಿಕೆ ಕಣ ಕೊಟ್ಟು, ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚಿತೆಂದು ತಿಳಿಯಿರಿ ಎಂದು ಅತ್ತಿಗೆಯವರ ಬಾಯಲ್ಲಿ ಹೇಳಿಸಿ, ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಮಾಡಿಸಲಾಯಿತು. ‘ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ’ ಎಂಬ ಸಾಲನ್ನು ಪತ್ರ ಬರಹಗಾರರು ಮೊದಲೇ ಟೈಪು ಮಾಡಿಟ್ಟಿದ್ದರು.

ಠೇವಣಿಗೆ ನಾಮಿನಿಯಾದ ಕಿರಿಯ ಮಗನು ತಾನೇ ಒಡೆಯನೆನ್ನುತ್ತಿದ್ದಾನೆ. ನಾಮಿನಿಯು ವಾರಸುದಾರರ ಪರವಾಗಿ ಹಣ ಪಡೆಯುವವನಷ್ಟೇ ಎಂಬುದನ್ನು ಅವನಿಗೆ ತಿಳಿಸಿ ಬೇಸರಪಡಿಸುವುದು ಬೇಡ. ಹಂಚಿಕೆಯೇ ಆಗಿಲ್ಲವೆಂಬ ಆಪಾದನೆಯೂ ಸುಳ್ಳು, ಏಕೆಂದರೆ ಯಜಮಾನರ ಪತ್ನಿಯನ್ನು ಹಿರಿಯನಲ್ಲಿ ಆರು ತಿಂಗಳು, ಕಿರಿಯನಲ್ಲಿ ಆರು ತಿಂಗಳೆಂದು ಒಂದು ದಿನವೂ ಹೆಚ್ಚುಕಡಿಮೆಯಾಗದಂತೆ ಭಾಗ ಮಾಡಲಾಗಿದೆ. ಅವರೂ ವಾರಸುದಾರರೆಂಬುದು ಮಾತ್ರ ಯಾರ ನೆನಪಿಗೂ ಬಂದಿಲ್ಲ.

ಈಗ ವಿಭಾಗ ದಾವೆ ಹೂಡುವ ಮಾತು ಕೇಳಿಬರುತ್ತಿದೆ. ಅದರಲ್ಲಿ ಪ್ರಾಥಮಿಕ ಡಿಕ್ರಿಯು ಯಾರ ಪಾಲು ಎಷ್ಟೆಂದು ನಿರ್ಧರಿಸಿದರೆ, ಅಳತೆ ಮಾಡಿ ಸ್ವಾಧೀನ ಕೊಡುವುದು ಅದರ ಮುಂದಿನ ಹಂತ. ನಡುವೆ ತಡೆಯಾಜ್ಞೆ, ಮೇಲ್ಮನವಿ, ವಾಯಿದೆಗಳಿರುವುದರಿಂದ ಮೊಮ್ಮಕ್ಕಳಿಗೂ ಕೆಲಸವಿರುತ್ತದೆ. ಅಷ್ಟು ದೂರ ಹೋಗುವ ಮುನ್ನ ತಾಯಿಯ ಹಾಗೂ ಅಕ್ಕತಂಗಿಯರ ಹೆಸರು ಸೇರಿಸಿದ ವಂಶವೃಕ್ಷದೊಡನೆ ಎಲ್ಲರೂ ಒಟ್ಟಾಗಿ ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕೆಂದು ವಿನಂತಿ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬಹುದು.