ಸೆನ್ಸೆಕ್ಸ್‌ಗೆ ಯೂನಿಯನ್ ಇಲ್ಲ

(2013ರ ನವೆಂಬರ್ 3, ದೀಪಾವಳಿಯ ಭಾನುವಾರ ಸಂಜೆ. ಮೈಸೂರು. ಮಾವ ರೈಲ್ವೆಯಿಂದ ನಿವೃತ್ತರು. ಹಬ್ಬಕ್ಕೆ ಬಂದ ಅಳಿಯ ಟಿವಿ ಮುಂದೆ, ಅತ್ತೆ ಒಲೆ ಮುಂದೆ.)

ಅಳಿಯ: ಮಾವ, ಬೇಗ ಬನ್ನಿ! ಷೇರುಪೇಟೆಯ ಮುಹೂರ್ತದ ವಹಿವಾಟು ಮುಗೀತು. ಸೆನ್ಸೆಕ್ಸ್ 21,239! ಇಷ್ಟು ಎತ್ತರದಲ್ಲಿ ಯಾವತ್ತೂ ಮುಗಿದಿದ್ದಿಲ್ಲ.

ಮಾವ: ಸಂತೋಷ. ನೀವು ನನ್ನ ಕೈಲಿ ಆ ಫಂಡಿಗೆ ದುಡ್ಡು ಹಾಕಿಸಿದಾಗ ಎಷ್ಟಿತ್ತು ಅಳಿಯಂದಿರೇ?

ಅಳಿಯ: 2008ರ ಜನವರಿ 8... 20,873. ಅದನ್ನೇ ಹೇಳ್ತಿರೋದು, ಅಸಲು ಬಂತು, ಮೇಲೆ ನಾಕು ಕಾಸೂ ಬಂತು!

ಮಾವ: ಇವಳೇ, ನನ್ನ ಡಿಎ ಪುಸ್ತಕ ಕೊಡೇ.

ಅಳಿಯ: ಷೇರಿಗೂ ಡಿಎಗೂ ಏನು ಸಂಬಂಧ?

ಮಾವ: ಶಿಮ್ಲಾದ ಲೇಬರ್ ಬ್ಯೂರೋದವರು ಅಕ್ಕಿ, ಬೇಳೆ, ಬಟ್ಟೆ, ಮನೆ ಬಾಡಿಗೆ, ಬಸ್ ಚಾರ್ಜು ಎಲ್ಲಾ ಸೇರಿಸಿ ತಿಂಗಳಿಗೊಂದು ನಂಬರ್ ಬಿಡ್ತಾರೆ. ನಮ್ಮ ಡಿಎ, ಅಂದ್ರೆ ತುಟ್ಟಿಭತ್ಯೆ, ನಿಂತಿರೋದೇ ಅದರ ಮೇಲೆ. ಪಿಂಚಣಿದಾರ ಪಂಚಾಂಗ ನೋಡೋದು ಬೇಕಾದ್ರೆ ಬಿಟ್ಟಾನು, ಇದನ್ನ ಬಿಡಲ್ಲ. (ಹಾಳೆ ಮಗುಚಿ) ನೋಡಿ, 2008ರ ಜನವರಿಗೆ 134. ಈ ಸೆಪ್ಟೆಂಬರ್‌ದು ಮೊನ್ನೆ ಬಂತು, 238. ಆಗ ನೂರು ರೂಪಾಯಿಗೆ ತಂದ ಸಾಮಾನಿಗೆ ಈಗ ಹತ್ತಿರ ಹತ್ತಿರ 178 ಎಣಿಸಬೇಕು. ನಿಮ್ಮ 20,873ನ್ನ ಅದೇ ಲೆಕ್ಕದಲ್ಲಿ ಏರಿಸಿ.

ಅಳಿಯ: (ಮೊಬೈಲಿನಲ್ಲಿ ಒತ್ತಿ, ನಂಬದೆ ಮತ್ತೊಮ್ಮೆ ಒತ್ತಿ) 37,073.

ಮಾವ: ಅಲ್ಲಿಗೆ ಮುಟ್ಟಿದ ದಿನ ಅಸಲು ಬಂತು ಅನ್ನಿ. ಇವತ್ತಿನ ನಿಮ್ಮ 21,239 ಆಗಿನ ದುಡ್ಡಲ್ಲಿ 12,000ಕ್ಕೂ ಒಂಚೂರು ಕಮ್ಮಿ.

ಅತ್ತೆ: (ಒಳಗಿಂದ) ಈರುಳ್ಳಿನೂ ಆಕಾಶಕ್ಕೇರಿದೆ. ಅದಕ್ಕೆ ಯಾರೂ ಟಿವಿಲಿ ಗಂಟೆ ಹೊಡೀಲಿಲ್ಲ!

ಅಳಿಯ: ಒಂದು ನಿಮಿಷ ಮಾವ. ಕಂಪನಿಗಳು ಕೊಡೋ ಲಾಭಾಂಶ ಸೆನ್ಸೆಕ್ಸ್‌ನಲ್ಲಿ ಸೇರಿರಲ್ಲ. ಅದನ್ನೂ ಸೇರಿಸಬೇಕು, ನ್ಯಾಯ ಅಂದ್ರೆ ನ್ಯಾಯ.

ಮಾವ: ಸೇರಿಸೋಣ. ವರ್ಷಕ್ಕೆ ನೂರಕ್ಕೆ ಒಂದೂವರೆ ಅಂತ ಹಿಡಿದ್ರೂ 13,000. ಸಾಕಾ?

ಅಳಿಯ: ಮತ್ತೆ ನೀವು ಲೆಕ್ಕ ಶುರು ಮಾಡಿರೋದೇ ಬೆಟ್ಟದ ತುದಿಯಿಂದ. 2009ರ ಮಾರ್ಚಲ್ಲಿ 8,160ಕ್ಕೆ ಇಳಿದಿತ್ತು. ಆಗ ಹಾಕಿದ್ದವರಿಗೆ ಬೆಲೆ ಏರಿಕೆ ಕಳೆದ್ರೂ ಒಳ್ಳೇ ಲಾಭ.

ಮಾವ: ಆ ತುದಿಗೆ ನನ್ನ ಹತ್ತಿಸಿದ್ದು ಯಾರು? 2009ರಲ್ಲಿ ನೀವು ಫೋನೇ ಎತ್ತಲಿಲ್ಲವಲ್ಲ!

ಅಳಿಯ: (ಗಂಟಲು ಸರಿಮಾಡಿಕೊಂಡು) ಹೋಗ್ಲಿ, ನಿಮ್ಮ ಎಫ್‌ಡಿ? ಒಂಬತ್ತು ಪರ್ಸೆಂಟ್ ಬಡ್ಡಿ ಅಂತ ಮೀಸೆ ತಿರುವ್ತಿದ್ರಿ. ನಿಮ್ಮ ಪುಸ್ತಕದ ಪ್ರಕಾರವೇ ಬೆಲೆ ವರ್ಷಕ್ಕೆ ಹತ್ತರ ಮೇಲೆ ಏರಿದೆ. ಅದೂ ಕರಗಿತಲ್ಲ?

ಮಾವ: ಹಬ್ಬದ ದಿನ ಎಫ್‌ಡಿ ಸುದ್ದಿ ಯಾಕೆ ಬಿಡಿ.

ಅಳಿಯ: ಅಲ್ಲ ಮಾವ, ನಿಮ್ಮ ಪಿಂಚಣಿಗೆ ಮಾತ್ರ ಜುಲೈಯಿಂದ ಶೇ 90 ಡಿಎ. ಸೆನ್ಸೆಕ್ಸ್‌ಗೆ ಯಾಕಿಲ್ಲ?

ಮಾವ: ಅದಕ್ಕೆ ಯೂನಿಯನ್ ಇಲ್ಲ. ನಾವು ಬಾವುಟ ಹಿಡಿದು ರಸ್ತೇಲಿ ಕೂತವರು.

(ಅತ್ತೆ ತಟ್ಟೆಯಲ್ಲಿ ಎಲೆ ಅಡಿಕೆ, ಮೇಲೊಂದು ಕವರ್ ಇಟ್ಟು ತರುತ್ತಾರೆ. ಅಳಿಯ ಇಣುಕಿ ನೋಡುತ್ತಾನೆ.)

ಅಳಿಯ: ಸಾವಿರ. ಮೊದಲನೇ ದೀಪಾವಳಿಗೂ ಸಾವಿರವೇ ಕೊಟ್ಟಿದ್ರಿ. ನಾವು ಮದುವೆಯಾಗಿದ್ದು 2008ರಲ್ಲಿ. ಜನವರಿಯ 134ನ್ನೇ ಹಿಡಿದ್ರೆ ಇದು 1,776 ಆಗಬೇಕಿತ್ತು ಮಾವ!

ಮಾವ: (ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು) ನಿಮ್ಮ ಲೆಕ್ಕದಲ್ಲಿ ಲಾಭಾಂಶ ಸೇರಿಲ್ಲ ಅಳಿಯಂದಿರೇ. ಮಧ್ಯಾಹ್ನ ಒಂಬತ್ತು ಹೋಳಿಗೆ ತಿಂದ್ರಿ. ನಾನೇ ಎಣಿಸಿದ್ದೀನಿ.